ಬೆದೆಕಾಲದ ಜಿಂಕೆ ಮತ್ತು 50 ಮೀಟರಿನ ಲೆಕ್ಕ

ಪ್ರಶ್ನೆ: ನಾನು ಮೈಸೂರಿನವನು, ಕೆಲವು ವರ್ಷಗಳಿಂದ ಲಂಡನ್ನಿನ ಕಿಂಗ್‌ಸ್ಟನ್‌ನಲ್ಲಿ ನೆಲೆಸಿದ್ದೇನೆ. ಊರಿನಲ್ಲಿದ್ದಾಗ ಕಬಿನಿ, ಬಂಡೀಪುರಗಳಲ್ಲಿ ಸಫಾರಿ ಜೀಪಿನಿಂದ ಚುಕ್ಕೆ ಜಿಂಕೆಗಳ ಚಿತ್ರ ತೆಗೆದ ಅಭ್ಯಾಸವಿದೆ. ಇಲ್ಲಿ ಶರತ್ಕಾಲದಲ್ಲಿ ರಿಚ್ಮಂಡ್ ಪಾರ್ಕಿನ ಕೆಂಪು ಜಿಂಕೆಗಳು ಬೆದೆಗೆ ಬಂದು ಕಾದಾಡುವುದನ್ನು ಚಿತ್ರಿಸಲು ಎರಡು ವರ್ಷ ಹೋದೆ. ತಲೆ ಬಗ್ಗಿಸಿ ನಿಂತ ಅಥವಾ ನನ್ನನ್ನೇ ದಿಟ್ಟಿಸುತ್ತಿರುವ ಗಂಡು ಜಿಂಕೆಯ ಚಿತ್ರಗಳ ಹೊರತು ಬೇರೇನೂ ದಕ್ಕಲಿಲ್ಲ. ನನ್ನ ಬಳಿ ಇರುವುದು 70–300 ಮಿ.ಮೀ. ಲೆನ್ಸ್. ಕೆಲವರು ಹದಿನೈದು ಇಪ್ಪತ್ತು ಮೀಟರಿನವರೆಗೂ ನಡೆದು ಹೋಗುವುದನ್ನು ಕಂಡಿದ್ದೇನೆ. ನಾನೂ ಹತ್ತಿರ ಹೋಗಬೇಕೇ, ಇಲ್ಲವೇ ದುಬಾರಿಯಾದರೂ 600 ಮಿ.ಮೀ. ಲೆನ್ಸ್ ಕೊಳ್ಳಬೇಕೇ? ಸ್ಕಾಟ್ಲೆಂಡಿಗೆ ಹೋದರೆ ಹೆಚ್ಚಿನ ಪ್ರಯೋಜನವಿದೆಯೇ? ಊರಿಗೆ ಬಂದಾಗ ನಮ್ಮ ಜಿಂಕೆಗಳಲ್ಲೂ ಇದನ್ನು ನೋಡಬಹುದೇ?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ. ಜಿಂಕೆ ನಿಮ್ಮನ್ನು ದಿಟ್ಟಿಸುತ್ತಿರುವ ಚಿತ್ರಗಳೇ ಹೆಚ್ಚಾಗಿವೆ ಎಂದರೆ, ಅದು ತನ್ನ ಕೆಲಸ ಬಿಟ್ಟು ನಿಮ್ಮತ್ತ ಗಮನ ಹರಿಸಬೇಕಾದಷ್ಟು ಹತ್ತಿರಕ್ಕೆ ನೀವು ಆಗಲೇ ಹೋಗಿಬಿಟ್ಟಿದ್ದೀರಿ. ಬೆದೆಕಾಲದ ಗಂಡಿಗೆ ಹಗಲಿರುಳೂ ಕೆಲಸವಿರುತ್ತದೆ. ಆ ಕೆಲಸದ ನಡುವೆ ಅದನ್ನು ಹಿಡಿಯುವುದೇ ನಮ್ಮ ಉದ್ದೇಶವಾಗಿರುವಾಗ, ನಮ್ಮ ಇರವೇ ಅದರ ಕೆಲಸವನ್ನು ಕೆಡಿಸಿದರೆ ಚಿತ್ರವೂ ಕೆಟ್ಟಂತೆ. ಆದ್ದರಿಂದ ಹತ್ತಿರ ಹೋಗಬೇಡಿ. ಸದ್ಯಕ್ಕೆ ಹೊಸ ಲೆನ್ಸನ್ನೂ ಕೊಳ್ಳಬೇಡಿ. ಎರಡಕ್ಕೂ ಕಾರಣ ಹೇಳುತ್ತೇನೆ.

ರಿಚ್ಮಂಡ್ ಪಾರ್ಕನ್ನು ನೋಡಿಕೊಳ್ಳುವ ಲಂಡನ್ನಿನ ರಾಜೋದ್ಯಾನಗಳ ಆಡಳಿತ ಜಿಂಕೆಗಳಿಂದ ಕನಿಷ್ಠ 50 ಮೀಟರ್ ದೂರದಲ್ಲಿರಲು ಸೂಚಿಸುತ್ತದೆ. ಈ ದೂರವನ್ನು ಅಡ್ಡಿ ಎಂದುಕೊಳ್ಳದೆ ಲೆಕ್ಕಕ್ಕೆ ಹಚ್ಚಿ ನೋಡಿ. ಫುಲ್ ಫ್ರೇಮ್ ಕ್ಯಾಮೆರಾದ ಸಂವೇದಕದ ಅಗಲ 36 ಮಿ.ಮೀ. ಇರುವುದರಿಂದ, 50 ಮೀಟರ್ ದೂರದಲ್ಲಿ 300 ಮಿ.ಮೀ. ಲೆನ್ಸ್ ಸುಮಾರು 6 ಮೀಟರ್ ಅಗಲ, 4 ಮೀಟರ್ ಎತ್ತರದ ದೃಶ್ಯವನ್ನು ಹಿಡಿಯುತ್ತದೆ, 600 ಮಿ.ಮೀ. ಲೆನ್ಸ್ ಅದರ ಅರ್ಧವನ್ನು, ಅಂದರೆ 3 ಮೀಟರ್ ಅಗಲ, 2 ಮೀಟರ್ ಎತ್ತರವನ್ನು. ಬೆಳೆದ ಗಂಡು ಕೆಂಪು ಜಿಂಕೆಯ ಮೈಯುದ್ದ ಹೆಚ್ಚುಕಡಿಮೆ 2 ಮೀಟರ್, ಭುಜದ ಎತ್ತರ 1.2 ಮೀಟರಿನ ಆಸುಪಾಸು, ತಲೆಯೆತ್ತಿದಾಗ ಕೊಂಬಿನ ತುದಿ ಅದಕ್ಕಿಂತ ಬಹಳ ಮೇಲೆ. ಹೀಗಿರುವಾಗ 600ರಲ್ಲಿ ಒಂಟಿ ಜಿಂಕೆ ಚೌಕಟ್ಟನ್ನು ತುಂಬಿಕೊಂಡು ಕೊಂಬು ಮೇಲಂಚಿಗೆ ತಾಗುತ್ತದೆ. ಎರಡು ಗಂಡುಗಳು ಕೊಂಬಿಗೆ ಕೊಂಬು ಕೊಟ್ಟು ನಿಂತರೆ 4 ಮೀಟರಿನಷ್ಟು ಉದ್ದವಾಗಿ ಒಂದರ ಹಿಂಭಾಗ ಚಿತ್ರದಿಂದ ಹೊರಗುಳಿಯುತ್ತದೆ. ಕಾಳಗದ ಚಿತ್ರಕ್ಕೆ ಬೇಕಾದ ಲೆನ್ಸ್ ನಿಮ್ಮ ಕೈಯಲ್ಲೇ ಇದೆ. ನಿಮ್ಮದು ಸಣ್ಣ ಸಂವೇದಕದ ಕ್ಯಾಮೆರಾ ಆಗಿದ್ದರೆ 300ರಲ್ಲೇ ಅಗಲ 4 ಮೀಟರಿಗೆ ಇಳಿಯುತ್ತದೆ, ಆಗ ಕಾಳಗ ಶುರುವಾದ ಕೂಡಲೇ 250ರ ಕಡೆಗೆ ಹಿಂದೆ ಸರಿಸಬೇಕಾದೀತು.

ಇನ್ನೊಂದು ಲಾಭವೂ ಇದೆ. 50 ಮೀಟರ್ ದೂರದಲ್ಲಿ 300 ಮಿ.ಮೀ., ಎಫ್ 5.6ರಲ್ಲಿ (ಎಫ್ ಎಂದರೆ ಲೆನ್ಸಿನ ದ್ವಾರದ ಅಳತೆ, ಸಂಖ್ಯೆ ಚಿಕ್ಕದಾದಷ್ಟು ದ್ವಾರ ದೊಡ್ಡದು) ಸ್ಪಷ್ಟವಾಗಿ ಕಾಣುವ ಆಳ ಸುಮಾರು 9 ಮೀಟರ್. ಸೆಣಸುವ ಎರಡೂ ಪ್ರಾಣಿಗಳು ಸುತ್ತುತ್ತ ಹಿಂದೆ ಮುಂದೆ ಸರಿದರೂ ಎರಡರ ಕಣ್ಣೂ ಸ್ಪಷ್ಟವಾಗಿರುತ್ತವೆ. ಅದೇ 600 ಮಿ.ಮೀ., ಎಫ್ 4ರಲ್ಲಿ ಆ ಆಳ ಎರಡು ಮೀಟರನ್ನೂ ಮುಟ್ಟುವುದಿಲ್ಲ. ದೊಡ್ಡ ಲೆನ್ಸಿನ ಉಪಯೋಗವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಒಂಟಿ ಗಂಡಿನ ಮುಖ, ಬಾಯಿಂದ ಹೊಮ್ಮುವ ಹಬೆ, ಕೊಂಬಿಗೆ ಸಿಕ್ಕಿಕೊಂಡ ಜರೀಗಿಡ, ಇವುಗಳಿಗೆ ಅದು ಬೇಕು. ಆದರೆ ಎರಡು ವರ್ಷ ನಿಮಗೆ ದಕ್ಕದೇ ಇದ್ದದ್ದು ಲೆನ್ಸಿನ ಕೊರತೆಯಿಂದಲ್ಲ. ಮುಂದೆ ಏನಾಗಲಿದೆ ಎಂಬುದನ್ನು ಮೊದಲೇ ಊಹಿಸಿ ಸರಿಯಾದ ಕಡೆ ನಿಲ್ಲಲು ಬಾರದೇ ಇದ್ದದ್ದರಿಂದ. ಅದನ್ನು ಕಲಿಸುವುದು ಪ್ರಾಣಿಯ ನಡವಳಿಕೆಯ ತಿಳಿವಳಿಕೆ ಮಾತ್ರ.

ಉತ್ತರದ ದೇಶಗಳ ಕೆಂಪು ಜಿಂಕೆಗೆ ಬೆದೆಕಾಲ ನಿಗದಿಯಾಗಿರುವುದಕ್ಕೆ ಚಳಿಯೇ ಕಾರಣ. ಗರ್ಭಾವಧಿ ಸುಮಾರು ಎಂಟು ತಿಂಗಳು. ಮರಿ ಹುಟ್ಟಬೇಕಾದದ್ದು ಹುಲ್ಲು ಚಿಗುರಿ ತಾಯಿಗೆ ಹಾಲು ತುಂಬುವ ಮೇ ಕೊನೆ ಮತ್ತು ಜೂನ್ ತಿಂಗಳಲ್ಲಿ. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಅಕ್ಟೋಬರ್ ಬರುತ್ತದೆ. ಹಗಲು ಕಿರಿದಾಗುವುದೇ ಜಿಂಕೆಯ ಮೈಗೆ ಸಿಗುವ ಸೂಚನೆ. ಆಗಸ್ಟಿನಲ್ಲಿ ಕೊಂಬಿನ ಮೇಲಿನ ಮಖಮಲ್ಲಿನಂಥ ತೊಗಲನ್ನು ಗಿಡಮರಗಳಿಗೆ ಉಜ್ಜಿ ಕಳಚಿಕೊಳ್ಳುವ ಗಂಡುಗಳು ಸೆಪ್ಟೆಂಬರ್ ನಡುವಿನ ಹೊತ್ತಿಗೆ ತಮ್ಮತಮ್ಮ ಗಂಡುಗುಂಪನ್ನು ಬಿಟ್ಟು ಹೆಣ್ಣುಗಳಿರುವೆಡೆಗೆ ಬರುತ್ತವೆ. ಕತ್ತು ದಪ್ಪವಾಗುತ್ತದೆ, ಕೇಸರ ಬೆಳೆಯುತ್ತದೆ, ತಮ್ಮದೇ ಮೂತ್ರ ಬೆರೆತ ಕೆಸರಿನಲ್ಲಿ ಹೊರಳಿ ಮೈ ಕಪ್ಪಾಗುತ್ತದೆ. ಗಾಳಿ ನಿಮ್ಮತ್ತ ಬೀಸಿದರೆ ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ಗೊತ್ತಾಗುತ್ತದೆ. ಮೇವು ಬಿಟ್ಟು ಹೆಣ್ಣುಗಳನ್ನು ಕಾಯುವ ಈ ವಾರಗಳಲ್ಲಿ ಗಂಡು ತನ್ನ ದೇಹತೂಕದ ಐದನೆಯ ಒಂದು ಭಾಗದವರೆಗೂ ಕಳೆದುಕೊಳ್ಳುತ್ತದೆ. ನಮ್ಮನ್ನು ಕಂಡು ಹತ್ತು ಹೆಜ್ಜೆ ಓಡಿದರೂ ಅದು ಚಳಿಗಾಲಕ್ಕೆ ಉಳಿಯಬೇಕಾದ ಗಂಟಿನಿಂದಲೇ ಖರ್ಚಾಗುತ್ತದೆ.

ಈಗ ಕಾಳಗಕ್ಕೆ ಬರೋಣ. ಉತ್ತರ ಕರ್ನಾಟಕದ ಟಗರಿನ ಕಾಳಗ ನೋಡಿದವರು ಇಲ್ಲೂ ಅದನ್ನೇ ನಿರೀಕ್ಷಿಸಿ ಮೋಸಹೋಗುತ್ತಾರೆ. ಟಗರು ಹಿಂದೆ ಸರಿದು, ಓಡಿ ಬಂದು, ಹಣೆಗೆ ಹಣೆ ಡಿಕ್ಕಿ ಹೊಡೆಯುತ್ತದೆ. ಕೆಂಪು ಜಿಂಕೆ ಹಾಗೆ ಮಾಡುವುದಿಲ್ಲ. ಅದು ಕೊಂಬುಗಳನ್ನು ಹೆಣೆದುಕೊಂಡು ತಳ್ಳಾಟಕ್ಕೆ ಇಳಿಯುತ್ತದೆ, ಗೆಲ್ಲುವುದು ಹಿಂಗಾಲಿನ ಬಲ. ಅದಕ್ಕೂ ಮೊದಲು ಎರಡು ಮೆಟ್ಟಿಲುಗಳಿವೆ. ಸ್ಕಾಟ್ಲೆಂಡಿನ ರಮ್ ದ್ವೀಪದಲ್ಲಿ ದಶಕಗಳಿಂದ ಒಂದೊಂದು ಜಿಂಕೆಯನ್ನೂ ಗುರುತಿಟ್ಟು ನಡೆಸುತ್ತಿರುವ ಅಧ್ಯಯನದಿಂದ ಟಿಮ್ ಕ್ಲಟನ್-ಬ್ರಾಕ್ ಮತ್ತು ಸ್ಟೀವ್ ಆಲ್ಬನ್ 1979ರಲ್ಲಿ ಪ್ರಕಟಿಸಿದ ಪ್ರಬಂಧ ಈ ಕ್ರಮವನ್ನು ಬಿಡಿಸಿ ತೋರಿಸಿತು. ಮೊದಲನೆಯದು ಗುಟುರಿನ ಪಂದ್ಯ: ಒಂದು ಕೂಗಿದರೆ ಇನ್ನೊಂದು ಉತ್ತರಿಸುತ್ತದೆ, ಕೂಗಿನ ವೇಗ ಏರುತ್ತ ಹೋಗುತ್ತದೆ. ದಣಿದ ಗಂಡು ಬೇಗ ಬೇಗ ಕೂಗಲಾರದು; ಆದ್ದರಿಂದ ಕೂಗು ಎದುರಾಳಿಯ ಕಸುವಿನ ಸುಳ್ಳಿಲ್ಲದ ಲೆಕ್ಕ. ಬಹಳಷ್ಟು ಸ್ಪರ್ಧೆಗಳು ಇಲ್ಲಿಗೇ ಮುಗಿದು ಒಂದು ಗಂಡು ಹಿಂದಿರುಗುತ್ತದೆ. ಇಲ್ಲಿ ತೀರ್ಮಾನವಾಗದಿದ್ದರೆ ಎರಡನೆಯದು ಜೊತೆನಡಿಗೆ: ಎರಡೂ ಪಕ್ಕಪಕ್ಕದಲ್ಲಿ, ಕೆಲವೇ ಮೀಟರ್ ಅಂತರದಲ್ಲಿ, ಬಿಗಿದ ಮೈಯಿಂದ ಒಂದೇ ದಿಕ್ಕಿಗೆ ನಡೆಯುತ್ತವೆ, ತಿರುಗುತ್ತವೆ, ಮತ್ತೆ ನಡೆಯುತ್ತವೆ. ಇದರಲ್ಲೂ ಯಾವುದೂ ಸೋಲೊಪ್ಪದಿದ್ದರೆ ಒಂದು ಥಟ್ಟನೆ ತಿರುಗಿ ಕೊಂಬು ತಗ್ಗಿಸುತ್ತದೆ.

ಛಾಯಾಗ್ರಾಹಕನಿಗೆ ಈ ಜೊತೆನಡಿಗೆಗಿಂತ ದೊಡ್ಡ ಉಡುಗೊರೆ ಇಲ್ಲ. ಅದು ಕೆಲವೊಮ್ಮೆ ಹಲವು ನಿಮಿಷ ನಡೆಯುತ್ತದೆ, ಕಾಳಗ ಮಾತ್ರ ಬಹುಪಾಲು ಬೇಗ ಮುಗಿಯುತ್ತದೆ. ಕೊಂಬಿನ ಸದ್ದು ಕೇಳಿದ ಮೇಲೆ ಓಡಿದವರಿಗೆ ಸಿಗುವುದು ಸೋತ ಜಿಂಕೆಯ ಹಿಂಭಾಗ. ಗುಟುರು ಉತ್ತರ ಪ್ರತ್ಯುತ್ತರವಾಗಿ ಹೆಚ್ಚತೊಡಗಿದಾಗಲೇ ಸ್ಥಳ ಆರಿಸಿಕೊಳ್ಳಿ. ಜೊತೆನಡಿಗೆ ಶುರುವಾದಾಗ ಶಟರ್ ವೇಗ ಏರಿಸಿ, ಲೆನ್ಸನ್ನು ಎರಡೂ ಜಿಂಕೆಗಳು ಸುತ್ತಲಿನ ಜಾಗದೊಡನೆ ಹಿಡಿಸುವಷ್ಟು ಅಗಲಕ್ಕೆ ತಂದು, ಅವು ನಡೆಯುವ ದಾರಿಯಿಂದ ಹೊರಗೆ, ಒಂದು ಇನ್ನೊಂದನ್ನು ಮರೆಮಾಡದ ಕೋನದಲ್ಲಿ ನಿಂತು ಕಾಯಿರಿ. ಕಾಳಗ ನಡೆಯದೇ ಹೋದರೂ, ಮಂಜಿನಲ್ಲಿ ಸಮಾನಾಂತರವಾಗಿ ನಡೆಯುವ ಎರಡು ಗಂಡುಗಳ ಚಿತ್ರ, ನನ್ನ ಮಟ್ಟಿಗೆ, ಕೊಂಬು ಸಿಕ್ಕಿಸಿಕೊಂಡ ಚಿತ್ರಕ್ಕಿಂತ ಹೆಚ್ಚು ಬಿಗುವನ್ನು ಹಿಡಿದಿಟ್ಟುಕೊಂಡಿರುತ್ತದೆ.

ಸಣ್ಣ ಸುಳಿವುಗಳೂ ಇವೆ. ಗಂಡು ಕತ್ತನ್ನು ನೆಲಕ್ಕೆ ಸಮನಾಗಿ ಚಾಚಿ ಮೂಗು ಮುಂದೆ ಮಾಡಿ ನಡೆಯತೊಡಗಿದರೆ, ಚದುರಿದ ಹೆಣ್ಣನ್ನು ಹಿಂಡಿಗೆ ಅಟ್ಟಲು ಹೊರಟಿದೆ; ಮುಂದಿನ ಕ್ಷಣ ಓಟ. ಹೆಣ್ಣು ಮೂತ್ರ ಮಾಡಿದ ಜಾಗವನ್ನು ಮೂಸಿದರೆ, ತಲೆಯೆತ್ತಿ ಮೇಲ್ದುಟಿ ಸುರುಳಿ ಮಾಡಿ ಹಲವು ಸೆಕೆಂಡು ಹಾಗೇ ನಿಲ್ಲುತ್ತದೆ. ಹೋರಿ, ಕೋಣಗಳಲ್ಲಿ ನಾವೆಲ್ಲ ಕಂಡದ್ದೇ. ಕೂಗುವ ಮೊದಲು ಕತ್ತು ಮುಂದೆ ಚಾಚಿಕೊಳ್ಳುತ್ತದೆ, ಬಾಯಿ ತೆರೆಯುವುದು ಅದರ ನಂತರ. ಚಾಚಿದಾಗ ಬಟನ್ ಅರ್ಧ ಒತ್ತಿ, ತೆರೆದಾಗ ಪೂರ್ತಿ. ತಲೆ ಬಗ್ಗಿಸಿ ಜರೀಗಿಡವನ್ನು ಕೊಂಬಿನಿಂದ ಚಚ್ಚುತ್ತಿದ್ದರೆ ಕಾಯಿರಿ, ಎದ್ದಾಗ ತಲೆಯ ಮೇಲೆ ಸೊಪ್ಪಿನ ಕಿರೀಟವಿರುತ್ತದೆ. ನಿಮಗೆ ಸಿಕ್ಕ ತಲೆ ಬಗ್ಗಿಸಿದ ಚಿತ್ರಗಳಲ್ಲಿ ಕೆಲವಾದರೂ ಈ ಕಿರೀಟದ ಹಿಂದಿನ ನಿಮಿಷದವೇ ಇರಬಹುದು.

ಹೊತ್ತಿನ ವಿಷಯ. ಲಂಡನ್ನಿನಲ್ಲಿ ಅಕ್ಟೋಬರ್ ನಡುವೆ ಸೂರ್ಯೋದಯ ಬೆಳಿಗ್ಗೆ 7.25ರ ಸುಮಾರಿಗೆ. ಅದಕ್ಕೆ ಮುಕ್ಕಾಲು ಗಂಟೆ ಮೊದಲೇ ಪಾರ್ಕಿನೊಳಗೆ ನಿಂತು, ಕಣ್ಣಿಗಿಂತ ಕಿವಿಯಿಂದ ಜಿಂಕೆಯನ್ನು ಹುಡುಕಬೇಕು. ಹಿಂದಿನ ರಾತ್ರಿ ಆಕಾಶ ತಿಳಿಯಾಗಿದ್ದು ಗಾಳಿ ಇಲ್ಲದಿದ್ದರೆ ತಗ್ಗಿನಲ್ಲಿ ಮಂಜು ಕೂಡುತ್ತದೆ. ರಿಚ್ಮಂಡಿನಲ್ಲಿ ಪೆನ್ ಕೊಳಗಳ ಸುತ್ತ ಮತ್ತು ಬೆವರ್ಲಿ ತೊರೆಯ ಬದಿಯಲ್ಲಿ ಅದನ್ನು ನಿರೀಕ್ಷಿಸಬಹುದು. ಸೂರ್ಯ ಈ ಕಾಲದಲ್ಲಿ ಪೂರ್ವಕ್ಕಿಂತ ತುಸು ದಕ್ಷಿಣಕ್ಕೆ ಮೂಡುವುದರಿಂದ, ಜಿಂಕೆ ನಿಮಗೂ ಸೂರ್ಯನಿಗೂ ನಡುವೆ ಬರುವಂತೆ ಪಶ್ಚಿಮದ ಕಡೆ ನಿಂತರೆ ಉಸಿರಿನ ಹಬೆ ಬೆಳಗುತ್ತದೆ. ಹಬೆಗೆ ಚಳಿ ಮಾತ್ರ ಸಾಲದು, ಅದರ ಹಿಂದೆ ಕತ್ತಲ ಮರಗಳ ಸಾಲೂ ಬೇಕು. ಬಿಳಿ ಆಕಾಶದ ಮುಂದೆ ಬಿಳಿ ಹಬೆ ಕಾಣದು. ಜಾಗ ಆರಿಸುವಾಗ ಜಿಂಕೆಯನ್ನು ನೋಡುವಷ್ಟೇ ಗಮನದಿಂದ ಅದರ ಹಿನ್ನೆಲೆಯನ್ನೂ ನೋಡಿ. ಬಿಸಿಲೇರಿದ ಮೇಲೆ ನೆಲದಿಂದೇಳುವ ಗಾಳಿಯ ನಡುಕ ದೂರದ ಚಿತ್ರವನ್ನು ಕಲಕುತ್ತದೆ. ಆಗ ಎಷ್ಟು ಬೆಲೆಯ ಲೆನ್ಸೂ ಅಷ್ಟೆ.

ಕ್ಯಾಮೆರಾದ ಹೊಂದಾಣಿಕೆಗಳ ಬಗ್ಗೆ ಬಹಳ ಹೇಳಬೇಕಾಗಿಲ್ಲ. ನಿಂತು ಕೂಗುವ ಜಿಂಕೆಗೆ ಸೆಕೆಂಡಿನ 1/250ರಿಂದ 1/500, ಕಾಳಗಕ್ಕೆ 1/1000 ಅಥವಾ ಮೇಲೆ. ಮುಂಜಾನೆಯ ಬೆಳಕಿನಲ್ಲಿ ಇದಕ್ಕಾಗಿ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200, 6400ಕ್ಕೆ ಏರಿದರೆ ಹೆದರಬೇಡಿ, ಕಾಳುಕಾಳಾದ ಚಿತ್ರವನ್ನು ತಿದ್ದಬಹುದು, ಅಲುಗಿದ ಚಿತ್ರವನ್ನು ತಿದ್ದಲಾಗದು. ದಟ್ಟ ಮಂಜನ್ನು ಕ್ಯಾಮೆರಾ ಬೂದುಬಣ್ಣಕ್ಕೆ ಇಳಿಸುವುದರಿಂದ ಎಕ್ಸ್‌ಪೋಷರನ್ನು ಮುಕ್ಕಾಲರಿಂದ ಒಂದು ಸ್ಟಾಪಿನಷ್ಟು (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ) ಹೆಚ್ಚಿಸಿ. ಎದುರು ಬೆಳಕಿನಲ್ಲಿ ಕರಿನೆರಳಿನ ಚಿತ್ರ ಬೇಕಿದ್ದರೆ ಒಂದೆರಡು ಸ್ಟಾಪು ಇಳಿಸಿ. ಒಂದು ಸಣ್ಣ ಸಂಗತಿ, ಊರಿನಲ್ಲಿ ಎಸಿ ಕೋಣೆಯಿಂದ ಮಳೆಗಾಲದ ಹೊರಗಾಳಿಗೆ ಬಂದಾಗ ಲೆನ್ಸ್ ಬೆವರುತ್ತಿತ್ತಲ್ಲವೇ, ಇಲ್ಲಿ ಅದು ತಿರುವುಮುರುವು: ಚಳಿಯಿಂದ ಬೆಚ್ಚನೆಯ ಮನೆಯೊಳಗೆ ಬಂದಾಗ ಬೆವರುತ್ತದೆ. ಮನೆಗೆ ಬಂದ ಕೂಡಲೇ ಚಿತ್ರ ನೋಡುವ ಆತುರಕ್ಕೆ ಕ್ಯಾಮೆರಾ ಹೊರತೆಗೆಯದೆ, ಚೀಲ ಮುಚ್ಚಿಟ್ಟು ಒಂದು ಗಂಟೆ ಬಿಡಿ.

ನಿಲ್ಲುವ ಜಾಗದ ಬಗ್ಗೆ ಸ್ವಲ್ಪ ನಿಷ್ಠುರವಾಗಿ ಹೇಳಬೇಕಾಗಿದೆ. ಕಬಿನಿಯಲ್ಲಿ ಜೀಪು ಎಲ್ಲಿ ನಿಂತಿತೋ ಅಲ್ಲೇ ನಿಮ್ಮ ಜಾಗ; ಇಳಿಯುವಂತಿಲ್ಲ, ಆದ್ದರಿಂದ ಅಂತರದ ಯೋಚನೆ ಚಾಲಕನಿಗೆ ಬಿಟ್ಟದ್ದು. ಇಲ್ಲಿ ಕಾಲು ನಿಮ್ಮದು, ಹೊಣೆಯೂ ನಿಮ್ಮದೇ. ಗಂಡಿಗೂ ಅದರ ಹೆಣ್ಣುಗಳಿಗೂ ನಡುವೆ, ಅಥವಾ ಪರಸ್ಪರ ಕೂಗುತ್ತಿರುವ ಎರಡು ಗಂಡುಗಳ ನಡುವೆ ಎಂದೂ ನಿಲ್ಲಬೇಡಿ. ನನ್ನ ಮೊದಲ ಶರತ್ಕಾಲದಲ್ಲಿ ಲಂಡನ್ನಿನ ಇನ್ನೊಂದು ರಾಜೋದ್ಯಾನವಾದ ಬುಷಿ ಪಾರ್ಕಿನಲ್ಲಿ ಎದುರಿನ ಗಂಡನ್ನೇ ನೋಡುತ್ತ ಮೈಮರೆತಿದ್ದೆ. ಅದು ಕೂಗುತ್ತಿದ್ದದ್ದು ನನ್ನ ಬೆನ್ನ ಹಿಂದಿದ್ದ ಇನ್ನೊಂದಕ್ಕೆ ಎಂದು ತಿಳಿದದ್ದು, ಹಿಂದಿನದ್ದು ಉತ್ತರ ಕೊಟ್ಟಾಗ. ಹತ್ತಿರದ ಓಕ್ ಮರದ ಮರೆಗೆ ಹೋಗಿ ನಿಂತವನು ಅರ್ಧ ಗಂಟೆ ಅಲುಗಲಿಲ್ಲ, ಚಿತ್ರವನ್ನೂ ತೆಗೆಯಲಿಲ್ಲ. ಒಂದೂವರೆ ಕ್ವಿಂಟಲನ್ನು ಮೀರಬಲ್ಲ, ಹಸಿದ, ಸಿಟ್ಟಿಗೆದ್ದ ಪ್ರಾಣಿ ಓಡಿ ಬಂದರೆ ಟ್ರೈಪಾಡು ರಕ್ಷಣೆಯಾಗದು. ಪ್ರತಿ ನಿಮಿಷಕ್ಕೊಮ್ಮೆ ಕ್ಯಾಮೆರಾದಿಂದ ಕಣ್ಣು ತೆಗೆದು ಸುತ್ತ ನೋಡಿ. ಜಿಂಕೆ ತಾನಾಗಿ ನಿಮ್ಮತ್ತ ನಡೆದು ಬಂದರೆ, ಅದು ನಿಮ್ಮ ಅದೃಷ್ಟವೆಂದು ಕುಳಿತಿರದೆ, ನಿಧಾನವಾಗಿ ಓರೆಯಾಗಿ ಹಿಂದೆ ಸರಿಯಿರಿ.

ಹತ್ತಿರ ಹೋದ ಆ ಇತರರನ್ನು ಕಂಡು ನಿಮಗೆ ಆಸೆಯಾಗುವುದು ಸಹಜ. ಆದರೆ ಒಬ್ಬನ ಹಿಂದೆ ಇನ್ನೊಬ್ಬ ಸೇರಿ ಅರ್ಧಚಂದ್ರಾಕಾರವಾಗಿ ಜನ ಮುತ್ತಿದಾಗ, ಓಡಿ ಹೋಗುವ ದಾರಿ ಮುಚ್ಚುತ್ತಿರುವುದನ್ನು ಕಂಡ ಗಂಡು ತನ್ನ ಹೆಣ್ಣುಗಳನ್ನು ಬಿಟ್ಟು ಹೊರಡುವುದೂ ಉಂಟು. ಅಂಥ ಗುಂಪು ಕಂಡರೆ ಬೇರೆ ಜಿಂಕೆ ಹುಡುಕಿ. ರಿಚ್ಮಂಡ್ ಮತ್ತು ಬುಷಿ ಎರಡೂ ಸೇರಿದರೆ ಜಿಂಕೆಗಳಿಗೆ ಬರವಿಲ್ಲ. ಒಂದನೆಯ ಚಾರ್ಲ್ಸ್ ರಾಜ ಬೇಟೆಗಾಗಿ 1637ರಲ್ಲಿ ಗೋಡೆ ಕಟ್ಟಿಸಿದ ರಿಚ್ಮಂಡ್ ಪಾರ್ಕಿನ ವಿಸ್ತಾರ ಸುಮಾರು 2,500 ಎಕರೆ, ಅಲ್ಲಿರುವ ಕೆಂಪು ಮತ್ತು ಫ್ಯಾಲೋ ಜಿಂಕೆಗಳು 600ಕ್ಕೂ ಹೆಚ್ಚು. ಆಹಾರ ಕೊಡುವುದು, ಮುಟ್ಟುವುದು ನಿಷಿದ್ಧ, ಡ್ರೋನಿಗೂ ಅವಕಾಶವಿಲ್ಲ. ಜರೀಗಿಡಗಳ ನಡುವೆ ಮಂಡಿಯೂರಿ ಕುಳಿತುಕೊಳ್ಳುವವರು ರಕ್ತ ಹೀರುವ ಉಣ್ಣೆಯನ್ನು (ಉಣುಗನ್ನು) ಮರೆಯಬಾರದು. ಮಂಗನ ಕಾಯಿಲೆಯಿಂದಾಗಿ ಮಲೆನಾಡಿನವರಿಗೆ ಉಣ್ಣೆಯ ಭಯ ಗೊತ್ತು. ಇಲ್ಲಿನ ಉಣ್ಣೆ ಹರಡುವುದು ಲೈಮ್ ರೋಗವನ್ನು. ಪ್ಯಾಂಟನ್ನು ಕಾಲುಚೀಲದೊಳಗೆ ತೂರಿಸಿ, ಮನೆಗೆ ಹೋಗಿ ಮೈ ಪರೀಕ್ಷಿಸಿಕೊಳ್ಳಿ.

ಫ್ಯಾಲೋ ಜಿಂಕೆಯನ್ನು ಬಹುಮಂದಿ ಕಡೆಗಣಿಸುತ್ತಾರೆ, ಅದು ತಪ್ಪು. ಅಂಗೈಯಂತೆ ಹರಡಿದ ಕೊಂಬಿನ ಈ ಜಿಂಕೆಯ ಮೈಮೇಲೆ ಬೇಸಿಗೆಯಲ್ಲಿ ನಮ್ಮ ಚುಕ್ಕೆ ಜಿಂಕೆಯಂತೆಯೇ ಬಿಳಿ ಬೊಟ್ಟುಗಳಿರುತ್ತವೆ. ಇದರ ಭರಾಟೆ ಕೆಂಪು ಜಿಂಕೆಯದಕ್ಕಿಂತ ತುಸು ತಡವಾಗಿ, ಅಕ್ಟೋಬರ್ ದ್ವಿತೀಯಾರ್ಧದಲ್ಲಿ. ಕೂಗು ಗುಟುರಲ್ಲ, ಗೊರಕೆ ತೇಗು ಎರಡೂ ಬೆರೆತಂಥ ಸದ್ದು. ಗಂಡು ಮರಗಳ ಕೆಳಗೆ ಒಂದು ಜಾಗ ಹಿಡಿದು ಅಲ್ಲೇ ನೆಲ ಕೆರೆಯುತ್ತ ಕೂಗುವುದರಿಂದ, ಇಂದು ಕಂಡ ಜಾಗದಲ್ಲಿ ನಾಳೆಯೂ ಕಾಣುವ ಸಂಭವ ಹೆಚ್ಚು. ವಾರದಲ್ಲಿ ಒಂದೆರಡು ಬೆಳಗಷ್ಟೇ ಬಿಡುವಿರುವವರಿಗೆ ಇದು ವರ.

ಸ್ಕಾಟ್ಲೆಂಡಿನ ಪ್ರಶ್ನೆಗೆ: ಹೋಗಿ, ಆದರೆ ಇಲ್ಲಿ ಒಂದು ಋತು ಕಲಿತ ಮೇಲೆ. ಪಾರ್ಕಿನ ಜಿಂಕೆಗಳು ಗೋಡೆಯೊಳಗಿನವು, ಜನರನ್ನು ಕಂಡು ಬೆಳೆದವು. ಹೈಲ್ಯಾಂಡ್ಸಿನ ಗುಡ್ಡಗಳಲ್ಲಿ ಅವು ನಿಜವಾದ ಕಾಡುಜಿಂಕೆಗಳು. ಅರ್ಧ ಕಿಲೋಮೀಟರಿನಿಂದಲೇ ನಿಮ್ಮ ವಾಸನೆ ಹಿಡಿದು ಗುಡ್ಡ ದಾಟಿಬಿಡುತ್ತವೆ. ಅಲ್ಲಿ ಗಾಳಿಗೆ ಎದುರಾಗಿ, ಗುಡ್ಡದ ಅಂಚಿನ ಮೇಲೆ ತಲೆ ಕಾಣಿಸದಂತೆ ನಡೆಯುವ ವಿದ್ಯೆ ಬೇಕು, ಇಲ್ಲವೇ ಕಾರನ್ನೇ ಮರೆಯಾಗಿ ಬಳಸಬೇಕು. ಕಬಿನಿಯ ಜೀಪಿನ ಅಭ್ಯಾಸ ಅಲ್ಲಿ ಮತ್ತೆ ಕೈಹಿಡಿಯುತ್ತದೆ. ಶರತ್ಕಾಲದಲ್ಲಿ ಅಲ್ಲಿನ ಎಸ್ಟೇಟುಗಳಲ್ಲಿ ಕೋವಿ ಹಿಡಿದು ಜಿಂಕೆ ಬೇಟೆಯೂ ನಡೆಯುವುದರಿಂದ, ಯಾವ ಗುಡ್ಡಕ್ಕೆ ಎಂದು ಹೋಗಬಹುದೆಂಬುದನ್ನು ಆಯಾ ಎಸ್ಟೇಟಿನವರಲ್ಲಿ ವಿಚಾರಿಸಿಯೇ ಹೊರಡಿ. ಇಂಗ್ಲೆಂಡಿನಲ್ಲೇ ಕಾಡುಜಿಂಕೆ ಬೇಕೆಂದರೆ ಎಕ್ಸ್‌ಮೂರ್ ಇದೆ.

ಊರಿಗೆ ಬಂದಾಗ ಅಕ್ಟೋಬರಿನ ಲೆಕ್ಕ ಕೆಲಸಕ್ಕೆ ಬರುವುದಿಲ್ಲ. ನಮ್ಮ ಚುಕ್ಕೆ ಜಿಂಕೆಗೆ ಚಳಿಯ ಹಂಗಿಲ್ಲವಾದ್ದರಿಂದ ಪ್ರತಿ ಗಂಡೂ ಕೊಂಬಿನ ಮಟ್ಟಿಗೆ ತನ್ನದೇ ಪಂಚಾಂಗ ಇಟ್ಟುಕೊಂಡಿದೆ; ಒಂದೇ ಹಿಂಡಿನಲ್ಲಿ ತೊಗಲುಗೊಂಬಿನದ್ದು, ಗಟ್ಟಿಗೊಂಬಿನದ್ದು, ಕೊಂಬು ಉದುರಿಸಿದ್ದು ಒಟ್ಟಿಗೆ ಕಾಣುತ್ತವೆ. ಆದರೂ ದಕ್ಷಿಣದ ಕಾಡುಗಳಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ಗಟ್ಟಿಗೊಂಬಿನ ಗಂಡುಗಳು ಹೆಚ್ಚು, ಕೂಗೂ ಹೆಚ್ಚು. ಆಗ ಗಂಡೊಂದು ಹಿಂಗಾಲ ಮೇಲೆ ನಿಂತು ಮೇಲಿನ ಕೊಂಬೆಗೆ ಮುಖ ಉಜ್ಜುವುದನ್ನು ಕಾಯಿರಿ. ಕೆಂಪು ಜಿಂಕೆಯಲ್ಲಿ ನಿಮಗೆ ಸಿಗದ ಚಿತ್ರ ಅದು. ರಾಣೆಬೆನ್ನೂರಿನ ಕೃಷ್ಣಮೃಗದ ಸೆಣಸಾಟವೂ ಸೊಗಸೇ, ಆದರೆ ಅದು ಜಿಂಕೆಯ ಕುಟುಂಬದ್ದಲ್ಲ, ಅದರ ಕೊಂಬು ಉದುರುವುದೂ ಇಲ್ಲ. ಕೆಂಪು ಜಿಂಕೆಯ ನಿಜವಾದ ನಂಟ ನಮ್ಮ ದೇಶದಲ್ಲಿ ಇರುವುದು ಕಾಶ್ಮೀರದಲ್ಲಿ: ಶ್ರೀನಗರದ ಬಳಿಯ ದಾಚಿಗಾಮ್ ಕಾಡಿನ ಹಂಗುಲ್. ಅದೂ ಶರತ್ಕಾಲದಲ್ಲೇ ಕೂಗುತ್ತದೆ. ಆದರೆ ಅದರ ಸಂಖ್ಯೆ ಕೆಲವೇ ನೂರಕ್ಕೆ ಇಳಿದಿರುವುದರಿಂದ, ಅರಣ್ಯ ಇಲಾಖೆಯ ಅನುಮತಿ ಮತ್ತು ಮಾರ್ಗದರ್ಶನವಿಲ್ಲದೆ ಆ ಯೋಚನೆ ಬೇಡ.

ಈ ವರ್ಷ ರಿಚ್ಮಂಡಿಗೆ ಹೋಗುವಾಗ ಮೊದಲ ಎರಡು ಬೆಳಗು ಕ್ಯಾಮೆರಾವನ್ನು ಚೀಲದಲ್ಲೇ ಬಿಟ್ಟು, ಒಂದು ದುರ್ಬೀನು ಹಿಡಿದು, ಯಾವ ಗಂಡು ಎಲ್ಲಿ ಹೆಣ್ಣುಗಳನ್ನು ಕೂಡಿಟ್ಟಿದೆ, ಅದರ ಎದುರಾಳಿ ಯಾವ ಕಡೆಯಿಂದ ಬರುತ್ತದೆ, ಬಿಸಿಲು ಆ ಬಯಲಿಗೆ ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂಬಷ್ಟನ್ನೇ ಬರೆದುಕೊಳ್ಳಿ. ಮೂರನೆಯ ಬೆಳಗು ಆ ಎದುರಾಳಿ ಬರುವ ದಾರಿಯನ್ನು ಬಿಟ್ಟು, ಅದರ ಬದಿಗೆ, 50 ಮೀಟರಿಗಿಂತ ಕಡಿಮೆಯಾಗದಂತೆ, ಒಂದು ಮರಕ್ಕೆ ಬೆನ್ನು ಕೊಟ್ಟು ಕುಳಿತುಕೊಳ್ಳಿ. ಅಕ್ಟೋಬರ್ ಕೊನೆಯ ವಾರವನ್ನೂ ಬಿಡಬೇಡಿ. ಆಗ ಜನ ಕಡಿಮೆಯಾಗಿರುತ್ತಾರೆ, ಪಕ್ಕೆಲುಬು ಎದ್ದ, ಒಂದು ಕವಲು ಮುರಿದ ಗಂಡು ಜರೀಗಿಡದ ನಡುವೆ ಗಲ್ಲವನ್ನು ನೆಲಕ್ಕೆ ಊರಿ ಕಣ್ಣು ಮುಚ್ಚಿ ಮಲಗಿರುತ್ತದೆ, ಮತ್ತು ದೂರದಲ್ಲಿ ಯಾವುದೋ ಎಳೆಯ ಗಂಡು ಕೂಗಿದಾಗ ಏಳದೆಯೇ, ಕುಳಿತಲ್ಲಿಂದಲೇ ಉತ್ತರ ಕೊಡುತ್ತದೆ.